ಪಾತ್ರಾಪಾತ್ರ ವಿವೇಚನೆ

ದಾನ ಮಾಡುವವನಿಗೆ ಪಾತ್ರಾಪಾತ್ರ ವಿವೇಚನೆ ಇರಬೇಕೆಂದು ಹಿರಿಯರು ಹೇಳಿದ್ದಾರೆ. ಕಾಫಿ ಕೊಡುವವನಿಗೂ ಅದು ಬೇಕೆಂಬುದು ನನಗೆ ತಿಳಿದದ್ದು ಹೋದ ತಿಂಗಳು.

ನಮ್ಮ ತಂದೆಯವರಿಗೆ ೮೨ ವರ್ಷ. ಕಾಫಿಯ ವಿಷಯದಲ್ಲಿ ಅವರದು ಕಟ್ಟಾ ಸಂಪ್ರದಾಯ. ಲೋಟವನ್ನು ತುಟಿಗೆ ಸೋಕಿಸದೆ ಎತ್ತಿಯೇ ಕುಡಿಯಬೇಕು. ಲೋಟದ ಅಂಚು ಹೊರಕ್ಕೆ ಬಾಗಿರುವುದರಿಂದ ಧಾರೆ ಅಂಕೆಯಲ್ಲಿ ಬೀಳುತ್ತದೆ. ಅಲ್ಲಿಯೇ ಹಿಡಿದರೆ ಬೆರಳೂ ಅಷ್ಟು ಸುಡದು. ಬಟ್ಟಲಿಗೂ ಲೋಟಕ್ಕೂ ನಾಲ್ಕು ಸಲ ಎತ್ತಿ ಸುರಿದರೆ ಬಿಸಿ ಹದಕ್ಕೆ ಬಂತು, ನೊರೆಯೂ ಎದ್ದಿತು. "ಹಿಡಿ ಬೇಕಾದದ್ದು ಸೌಟಿಗೆ, ಕಾಫಿಗಲ್ಲ" ಎಂದು ಪಿಂಗಾಣಿಯನ್ನು ಅವರು ಹತ್ತಿರ ಸೇರಿಸಿದವರಲ್ಲ.

ಆದರೆ ಒಂದು ವರ್ಷದಿಂದ ಅವರ ಕೈ ನಡುಗುತ್ತಿದೆ. ಮೊದಲು ಪಂಚೆಯ ಮೇಲೆ ಒಂದೆರಡು ಹನಿ ಬೀಳುತ್ತಿತ್ತು. ಹೋದ ತಿಂಗಳು ಒಂದು ಬೆಳಿಗ್ಗೆ ಅರ್ಧ ಲೋಟ ಎದೆಯ ಮೇಲೆ ಚೆಲ್ಲಿತು. ಮರುದಿನ, "ನನಗೆ ಕಾಫಿ ಬೇಡಪ್ಪ, ಯಾಕೋ ಸೇರುವುದಿಲ್ಲ" ಎಂದರು. ಡಿಕಾಕ್ಷನ್ನಿನ ವಾಸನೆ ಬಂದಾಗ ಮಾತ್ರ ಪತ್ರಿಕೆಯಿಂದ ತಲೆಯೆತ್ತಿ ಅಡಿಗೆಮನೆಯ ಕಡೆ ನೋಡುತ್ತಿದ್ದರು.

ಮಲ್ಲೇಶ್ವರದ ೮ನೆಯ ಅಡ್ಡರಸ್ತೆಗೆ ಹೋದೆ. ಜಗತ್ತಿನಲ್ಲೆಲ್ಲ ಶ್ರೇಷ್ಠ ಅಪ್ಪ ಎಂದು ಇಂಗ್ಲಿಷಿನಲ್ಲಿ ಬರೆದ ಮಗ್ಗೊಂದನ್ನು ಅಂಗಡಿಯವನು ಮುಂದಿಟ್ಟ. ಅದರ ಹಿಡಿಯಲ್ಲಿ ಒಂದೇ ಬೆರಳು ತೂರುತ್ತಿತ್ತು. ಶ್ರೇಷ್ಠ ಅಪ್ಪನಿಗೂ ಬೆರಳು ಐದಿರುತ್ತವೆ ಎಂಬುದು ಮಾಡಿದವನಿಗೆ ಮರೆತಿತ್ತು. ಇನ್ನೊಂದು ನೋಡಲು ಲಕ್ಷಣವಾಗಿತ್ತು, ತೂಕವೇ ೩೫೦ ಗ್ರಾಂ. ಅದಕ್ಕೆ ೧೫೦ ಗ್ರಾಂ ಕಾಫಿ ಸೇರಿದರೆ ನಡುಗುವ ಕೈ ಅರ್ಧ ಕಿಲೋ ಎತ್ತಬೇಕು. ಹಗುರವಾದ ಮತ್ತೊಂದರ ತಳ ಕಿರಿದು; ಮುಟ್ಟಿದರೆ ಓಲಾಡುತ್ತಿತ್ತು. ಕೊನೆಗೆ ತಳ ಅಗಲವಾದ, ಹಿಡಿಯಲ್ಲಿ ನಾಲ್ಕು ಬೆರಳು ಆರಾಮವಾಗಿ ಕೂರುವ, ಹಗುರವಾದ ಒಂದು ಬಗೆ ಸಿಕ್ಕಿತು. ಬಿರುಕಿದ್ದರೆ ಪಿಂಗಾಣಿ ಮಂಕಾಗಿ ನುಡಿಯುತ್ತದೆ. ಸರಿಯಾಗಿದ್ದರೆ ಗಣ್ ಎನ್ನುತ್ತದೆ. ಅದಕ್ಕಾಗಿ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟುತ್ತ ನಿಂತೆ. "ಏನು ಸಾರ್, ಕಾಫಿಗೋ ಜಲತರಂಗಕ್ಕೋ?" ಎಂದ ಅಂಗಡಿಯವನು.

ಕೊಂಡದ್ದು ಎರಡು. ಮರುದಿನ ಬೆಳಿಗ್ಗೆ ಎರಡರಲ್ಲೂ ಕಾಫಿ ತಂದು ಮೇಜಿನ ಮೇಲಿಟ್ಟೆ.

"ಇದೇನೋ?"

"ಸ್ಟೀಲಿನ ಲೋಟ ಕೈ ಸುಡುತ್ತೆ ಅಪ್ಪ. ನನಗೆಂದು ತಂದೆ. ಜೋಡಿಯಾಗಿಯೇ ಕೊಡುವುದಂತೆ."

ಅವರು ನನ್ನ ಮುಖವನ್ನೇ ನೋಡಿದರು. ಐವತ್ತು ವರ್ಷ ನನ್ನ ಸುಳ್ಳುಗಳನ್ನು ಕೇಳಿದವರು. "ನಿನ್ನ ಕೈ ಮೊದಲಿಂದಲೂ ಮೆತ್ತಗೆ ಕಣೋ" ಎಂದು ಮಗ್ಗನ್ನು ಎರಡು ಕೈಯಲ್ಲೂ ಹಿಡಿದು ತುಟಿಗೆ ತಂದರು. ನಾನು ಕಿಟಕಿಯ ಕಡೆ ನೋಡಿದೆ.

"ಅಂಚು ಸ್ವಲ್ಪ ದಪ್ಪವಾಯಿತು" ಎಂದರು ಕುಡಿದು ಮುಗಿಸಿ. ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ತಪ್ಪು ಹುಡುಕುವವರು ನಾಳೆಯೂ ಕುಡಿಯುತ್ತಾರೆ.

ಹಳೆಯ ಲೋಟ ಇನ್ನೂ ಅಡಿಗೆಮನೆಯ ಗೂಡಿನಲ್ಲೇ ಇದೆ. ಅದನ್ನು ಒಳಗಿಡಿ ಎಂದು ಅವರೂ ಹೇಳಿಲ್ಲ, ನಾನೂ ಇಟ್ಟಿಲ್ಲ.