ಅಚ್ಚಿನ ಮನೆಯ ಹುಡುಗೂರು

ಗದಗಿನ ನಮ್ಮ ಮನೆಯಲ್ಲಿ ಪಡಸಾಲಿ ಅಂದರೆ ಪ್ರೆಸ್ಸೇ. ಹೊಸ್ತಿಲು ದಾಟಿದೊಡನೆ ಮೂಗಿಗೆ ಬಡಿಯುತ್ತಿದ್ದುದು ಚಿಮಣಿ ಎಣ್ಣಿ, ಅದರ ಬೆನ್ನಿಗೆ ಕರಿ ಶಾಯಿ, ಆಮೇಲೆ ಬಂಡಲು ಬಿಚ್ಚಿದ ಹೊಸ ಕಾಗದ, ಇವೆಲ್ಲವನ್ನೂ ದಾಟಿಕೊಂಡು ಒಳಗಿನಿಂದ ಅವ್ವನ ಬಳ್ಳೊಳ್ಳಿ ಒಗ್ಗರಣಿ. ಈ ಎಲ್ಲ ವಾಸನೆ ಕೂಡಿ ನಮ್ಮ ಅಂಗಿಗೆ ಹತ್ತಿ ಸಾಲಿಗೂ ಬರುತ್ತಿತ್ತು. ಊರಿಗೆ ಮುದ್ರಣ ಕಾಶಿ ಎಂಬ ಹೆಸರು. ಬೆಟಗೇರಿ ಕಡೆ ಹೋದರೆ ಮಗ್ಗದ ಸಪ್ಪಳ, ನಮ್ಮ ಓಣಿಯಲ್ಲಿ ಟ್ರೆಡಲ್ಲಿನ ಸಪ್ಪಳ. ರಾತ್ರಿ ಅದು ನಿಂತರೆ ತೊಟ್ಟಿಲ ಕೂಸಿಗೂ ಎಚ್ಚರಾಗುತ್ತಿತ್ತು.

ರವಿವಾರ ಬಂತೆಂದರೆ ಹುಡುಗೂರ ಪಾಲಿಗೆ ಮೊಳೆ ಬಿಡಿಸುವ ಕೆಲಸ. ಅಚ್ಚಾಗಿ ಮುಗಿದ ಪುಟಗಳ ಮೊಳೆಗಳನ್ನು ಎಣ್ಣಿ ಬ್ರಷ್ಷಿನಿಂದ ತಿಕ್ಕಿ ತೊಳೆದು ಗ್ಯಾಲಿಯಲ್ಲಿ ಇಟ್ಟಿರುತ್ತಿದ್ದರು. ನಾವು ಸುತ್ತ ಕೂತು ಒಂದೊಂದೇ ಸಾಲು ಎತ್ತಿ, ಅಕ್ಷರ ಅಕ್ಷರದ ಖಾನೆಗೆ, ಕೊಂಬು ಕೊಂಬಿನ ಖಾನೆಗೆ, ಏತ್ವ, ದೀರ್ಘ, ಒತ್ತು ತಮ್ಮ ತಮ್ಮ ಮನೆಗೆ ಬೀಳುವ ಹಾಗೆ ಹಾಕಬೇಕು, ದಕ್ಕೂ ಧಕ್ಕೂ ಗಲ್ಲತ್ತಾದರೆ ಮರುದಿನ ಕಂಪೋಜ್ ಕಾಕಾನ ಬೈಗುಳ ಇಡೀ ಓಣಿಗೆ ಕೇಳಬೇಕು. ಕಾಕಾ ಕೇಸಿನ ಕಡೆ ನೋಡುತ್ತಲೇ ಇರಲಿಲ್ಲ. ಎಡಗೈಯಲ್ಲಿ ಸ್ಟಿಕ್ಕು, ಹೆಬ್ಬೆರಳು ಕಡೆಯ ಮೊಳೆಯ ಮೇಲೆ, ಕಣ್ಣು ಹಸ್ತಪ್ರತಿಯ ಮೇಲೆ. ಬಲಗೈ ತಾನೇ ಹೋಗಿ ತಾನೇ ತರುತ್ತಿತ್ತು, ಮೊಳೆಯ ಮೈಮೇಲಿನ ಕಚ್ಚು ಯಾವ ಕಡೆಗಿದೆ ಎಂದು ಬೆರಳೇ ಹೇಳುತ್ತಿತ್ತು. ತಲೆಕೆಳಗಾದ ಕನ್ನಡಿ ಅಕ್ಷರವನ್ನು ಎಡದಿಂದ ಬಲಕ್ಕೆ ಓದುವುದು ನಮಗೆಲ್ಲ ಬಂದದ್ದು ಅವನ ಮಗ್ಗಲಲ್ಲಿ ನಿಂತೇ. ಬಿಡಿಸುವುದು ಮುಗಿದ ಮೇಲೆ ಅವ್ವನ ಕಾಯಿದೆ: ಸೀಸ, ತವರ, ಆಂಟಿಮನಿ ಮುಟ್ಟಿದ ಕೈಯನ್ನು ಬೂದಿ ಹಚ್ಚಿ, ಮತ್ತೆ ಸಬಕಾರ ಹಚ್ಚಿ ತೊಳೆದು ತೋರಿಸದೆ ರೊಟ್ಟಿ ಬುಟ್ಟಿಯ ಹತ್ತಿರ ಹೋಗುವಂತಿಲ್ಲ.

ಬೆಲ್ಲಕ್ಕೂ ಅಚ್ಚಿಗೂ ಏನು ಸಂಬಂಧ ಎಂದು ಈಗಿನವರಿಗೆ ಅನಿಸಬಹುದು. ಶಾಯಿ ಹಚ್ಚುವ ರೋಲರನ್ನು ಸರಸು, ಬೆಲ್ಲ, ಗ್ಲಿಸರಿನ್ ಕೂಡಿಸಿ ಕುದಿಸಿ, ಕೊಳವೆಯಲ್ಲಿ ಹೊಯ್ದು ಎರಕ ತೆಗೆಯುತ್ತಿದ್ದರು. ಹಿತ್ತಲ ಒಲೆಯ ಮೇಲೆ ಅದು ಕುದಿಯುವ ದಿನ ನಾವು ವಾಸನೆಗೆ ಮೂಗು ಮುಚ್ಚಿಕೊಂಡರೂ ಬೆಲ್ಲದ ಹೆಂಟಿಯ ಆಸೆಗೆ ಅಲ್ಲೇ ಸುಳಿಯುತ್ತಿದ್ದೆವು. ಮಳೆಗಾಲದಲ್ಲಿ ಆ ರೋಲರು ಥಂಡಿ ಕುಡಿದು ಮೆತ್ತಗಾಗುತ್ತಿತ್ತು, ರಾತ್ರಿ ಇಲಿ ಬಂದು ಕಡಿದು ಹೋಗುತ್ತಿತ್ತು.

ಆದರೆ ನಮ್ಮ ಮನೆಯ ನಿಜವಾದ ವಿದ್ಯೆ ಮಡಿಕೆಯಲ್ಲಿತ್ತು. ಪುಸ್ತಕದ ಕೆಲಸ ಬಂದಾಗ ಅಪ್ಪ ಒಂದು ರದ್ದಿ ಹಾಳೆ ತೆಗೆದುಕೊಂಡು ಮೂರು ಸಲ ಮಡಚಿ, ಕತ್ತರಿಸದೆಯೇ ಪುಟಗಳ ಮೂಲೆ ಎತ್ತಿ ಎತ್ತಿ ಪೆನ್ಸಿಲಿನಿಂದ 1ರಿಂದ 16ರವರೆಗೆ ಅಂಕಿ ಬರೆದು ಬಿಚ್ಚುತ್ತಿದ್ದ. ಬಿಚ್ಚಿದರೆ 1ರ ಮಗ್ಗಲಿಗೆ 16, 8ರ ಮಗ್ಗಲಿಗೆ 9, 4ಕ್ಕೆ 13, 5ಕ್ಕೆ 12; ಅರ್ಧ ಪುಟಗಳು ತಲೆಕೆಳಗು; ಹಾಳೆ ತಿರುವಿದರೆ 2ಕ್ಕೆ 15, 7ಕ್ಕೆ 10. ಯಾವ ಜೋಡಿ ಕೂಡಿಸಿದರೂ 17. "ಹದಿನೇಳು ಬರಲಿಲ್ಲಂದ್ರ ಮತ್ತ ಮಡಚು" ಅನ್ನುತ್ತಿದ್ದ ಅಪ್ಪ. ನಾವು ಅದನ್ನು ಮಗ್ಗಿಯ ಹಾಗೆ ಒದರುತ್ತ ಕಲ್ಲಿನ ಮೇಜಿನ ಸುತ್ತ ಓಡಾಡುತ್ತಿದ್ದೆವು, ಆ ಕಲ್ಲಿನ ಮೇಲೆ ಕಾಕಾ ಪುಟಗಳನ್ನು ಅದೇ ಲೆಕ್ಕದಲ್ಲಿ ಇಟ್ಟು, ನಡುವೆ ಕಟ್ಟಿಗೆಯ ಫರ್ನಿಚರ್ ತುಂಬಿ, ಚೇಸಿನಲ್ಲಿ ಬಿಗಿದು, ಒಂದೂ ಮೊಳೆ ಅಲುಗುವುದಿಲ್ಲವೇ ಎಂದು ಅಂಗೈಯಿಂದ ಒತ್ತಿ ನೋಡುತ್ತಿದ್ದ. ಅಚ್ಚು ಎಲ್ಲಿ ತೇಲಿದೆ, ಎಲ್ಲಿ ಕಚ್ಚಿದೆ ಎಂದು ಹಾಳೆಯ ಬೆನ್ನು ಸವರಿ ಹೇಳುವುದು ಅಕ್ಕನ ಪಾಲು. ತೇಲಿದಲ್ಲಿ ಅಡಿಗೆ ತೆಳು ಕಾಗದದ ಚೂರು ಅಂಟಿಸುವುದು ತಮ್ಮಂದಿರ ಪಾಲು. ಅಂಟು ಅವ್ವ ಕಾಸಿಕೊಟ್ಟ ಮೈದಾ ಗಂಜಿ. ಇಡೀ ಮನೆ ಹೀಗೆ ಒಂದು ಹಾಳೆಯ ಹಿಂದೆ ನಿಂತಿರುತ್ತಿತ್ತು.

ಲಗ್ನಸರಾಯಿ, ಜಾತ್ರಿ, ನಾಟಕ ಕಂಪನಿಯ ಕ್ಯಾಂಪು ಒಟ್ಟಿಗೆ ಬಂದರೆ ಮನೆಗೆ ನಿದ್ದೆ ಇಲ್ಲ. ಚುರುಮರಿ, ಮಿರ್ಚಿ ಭಜಿ ರದ್ದಿ ಪ್ರೂಫಿನ ಮೇಲೇ ಬರುತ್ತಿದ್ದವು. ಫೋಟೊ ಬೇಕಾದರೆ ಜಿಂಕ್ ಬ್ಲಾಕು ಹುಬ್ಬಳ್ಳಿಯಿಂದ ಬರಬೇಕು, ಒರಟು ಕಾಗದಕ್ಕೆ 65ರ ಸ್ಕ್ರೀನು, ನುಣುಪು ಕಾಗದಕ್ಕೆ ಇನ್ನೂ ಸಣ್ಣದು. ಅದನ್ನು ಮರೆತು ಆರ್ಡರು ಕೊಟ್ಟರೆ ಮದುಮಗನ ಮುಖದಲ್ಲಿ ಮಸಿ ತುಂಬಿಕೊಳ್ಳುತ್ತಿತ್ತು.

1990ರ ದಶಕದಲ್ಲಿ ಕಂಪ್ಯೂಟರು ಬಂತು, ಪೇಜ್‌ಮೇಕರ್, ಶ್ರೀಲಿಪಿ ಬಂದವು. ಕೆಲ ವರ್ಷ ನಮ್ಮ ವಿದ್ಯೆ ಬೇರೆ ಮೈ ಪಡೆಯಿತು. ಬಟರ್ ಪೇಪರಿನ ಮೇಲೆ ತೆಗೆದ ಪುಟಗಳನ್ನು ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಹಚ್ಚುವಾಗ ಲೆಕ್ಕ ಅದೇ 17. ನಾಲ್ಕು ಬಣ್ಣದ ಫಿಲ್ಮು ಬಂದಾಗ ಅಣ್ಣ ಹೊಸ ಪಾಠ ಕಲಿಸಿದ: ಹಳದಿ 0, ನೀಲಿ 15, ಕಪ್ಪು 45, ಕೆಂಪು 75 ಡಿಗ್ರಿ, ಚುಕ್ಕಿಗಳ ಕೋನ ತಪ್ಪಿದರೆ ಚಿತ್ರದ ಮೇಲೆ ಬಲೆ ಹಾಸುತ್ತದೆ. ಕಾಕಾ ಮಾತ್ರ ಆ ಬೆಳಕಿನ ಮೇಜಿನ ಹತ್ತಿರ ಬರಲಿಲ್ಲ. ಮಾನಿಟರಿನಲ್ಲಿ ಅಕ್ಷರ ನೆಟ್ಟಗೆ ನಿಂತಿದ್ದವು, ಅವನಿಗೆ ಓದುವ ಉಮೇದು ಹೋಗಿತ್ತು. ಬೈಂಡಿಂಗಿಗೆ ಕೂತ, ದಾರ ಪೋಣಿಸಿದ, ಒಂದು ದೀಪಾವಳಿ ಮುಗಿಸಿ ಊರಿಗೆ ಹೋದವನು ತಿರುಗಿ ಬರಲಿಲ್ಲ. ಮೊಳೆಗಳನ್ನು ಕಿಲೋ ಲೆಕ್ಕದಲ್ಲಿ ತೂಗಿ ಕರಗಿಸಲು ಕೊಟ್ಟ ದಿನ ಅವ್ವ ಒಲೆ ಹಚ್ಚಲಿಲ್ಲ.

ಫಿಲ್ಮೂ ಹೋಗಿ ಈಗ ಕಂಪ್ಯೂಟರಿನಿಂದ ನೇರ ಪ್ಲೇಟಿಗೇ ಇಳಿಯುತ್ತದೆ, ಪುಟಗಳನ್ನು ಸಾಫ್ಟ್‌ವೇರೇ ಜೋಡಿಸುತ್ತದೆ. ನಾವೆಲ್ಲ ಚದುರಿದ್ದೇವೆ, ಒಬ್ಬ ಬೆಂಗಳೂರಿನಲ್ಲಿ ಪ್ರಿ-ಪ್ರೆಸ್ ವಿಭಾಗದಲ್ಲಿದ್ದಾನೆ, ಉಳಿದವರು ಬ್ಯಾಂಕು, ಸಾಲಿ, ಅಡತಿ ಅಂಗಡಿ. ಕೂಡುವುದು ಮನೆತನದ ಮದುವೆಗಳಲ್ಲಿ. ಅಲ್ಲಿ ಯಾರದಾದರೂ ಕೈಗೆ ಲಗ್ನಪತ್ರಿಕೆ ಸಿಕ್ಕರೆ ಸಾಕು, ಗಣಪತಿಯ ಕಿರೀಟದ ಕೆಂಪು ಗೆರೆ ದಾಟಿದೆ ಎಂದು ಅಣ್ಣ, ದಾಟಿಲ್ಲ, ಕಟಿಂಗೇ ಸೊಟ್ಟ ಎಂದು ಅಕ್ಕ, ಮೊದಲು ಒತ್ತಕ್ಷರ ನೋಡಿರಿ ಎಂದು ತಮ್ಮ; ಪಂಕ್ತಿಯಲ್ಲಿ ಎಲೆ ಹಾಕಿ ಕರೆಯುವವರು ಕರೆದು ಕರೆದು ಬೇಸತ್ತು ಹೋಗುತ್ತಾರೆ, ನಮ್ಮ ವಾದ ಮುಗಿದಿರುವುದಿಲ್ಲ.