ಷರಾ ಕಾಲಮಿನಲ್ಲಿ ಸಿಕ್ಕ ಮುತ್ತಜ್ಜ

ಬೀದರ ಬಂದವರ ಊರು. ಇರಾನಿನ ಗೀಲಾನ್ ಸೀಮೆಯಿಂದ 1453ರಲ್ಲಿ ವ್ಯಾಪಾರಕ್ಕೆಂದು ಬಂದ ಮಹಮೂದ್ ಗವಾನ್ ಬಹಮನಿ ರಾಜ್ಯದ ಪ್ರಧಾನಿಯಾಗಿ ಇಲ್ಲಿಯೇ ನಿಂತ. 1472ರಲ್ಲಿ ಆತ ಕಟ್ಟಿಸಿದ ಮದರಸಾದ ಮಿನಾರು ಇಂದಿಗೂ ನಗರದ ನಡುವೆ ನಿಂತಿದೆ. ಹಬ್ಶಿ ಕೋಟ್ ಎಂಬ ಹೆಸರು ಆಫ್ರಿಕಾದಿಂದ ಬಂದವರನ್ನು ನೆನಪಿಸುತ್ತದೆ. ಅಷ್ಟೂರಿನ ದಾರಿಯಲ್ಲಿರುವ ಚೌಖಂಡಿ ಇರಾನಿನ ಕಿರ್ಮಾನಿನಿಂದ ಬಂದ ಸಂತನ ಸಮಾಧಿ. ದೊಡ್ಡವರು ಬಂದರೆ ಅವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಎತ್ತಿನ ಬೆನ್ನ ಮೇಲೆ ಉಪ್ಪಿನ ಗೋಣಿ ಹೇರಿಕೊಂಡು ಬಂದವರ ಹೆಸರು ಎಲ್ಲಿ ಉಳಿಯಬೇಕು?

ಈ ಪ್ರಶ್ನೆ ಔರಾದ ತಾಲೂಕಿನ ಒಂದು ತಾಂಡಾದ ಹುಡುಗಿಯದು. ಭಾಲ್ಕಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ಆಕೆಗೆ ಹಾಸ್ಟೆಲಿನ ಗೆಳತಿಯೊಬ್ಬಳು ಒಂದು ದಿನ ಸಹಜವಾಗಿಯೇ ಕೇಳಿದಳಂತೆ: “ನಿಮ್ದು ಮೂಲ ಇಲ್ಲಿದಲ್ಲಂತಲ್ಲಾ, ಯಾವಾಗ ಬಂದೀರಿ?” ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಚುಚ್ಚುತ್ತದೆ. ರಜೆಗೆ ಊರಿಗೆ ಹೋದಾಗ ತಂದೆಯನ್ನು ಕೇಳಿದಳು. ತಂದೆ ತಮ್ಮ ತಂದೆಯಿಂದ ಕೇಳಿದ್ದನ್ನೇ ಹೇಳಿದರು: ಬಾದಶಹನ ಫೌಜಿನ ಜತೆ ಬಂದವರು ನಾವು, ಲಕ್ಷ ಎತ್ತುಗಳಿದ್ದವು.

ಈ ಮಾತು ಬರೀ ಕಟ್ಟುಕತೆಯಲ್ಲ. ಹದಿನೇಳನೆಯ ಶತಮಾನದಲ್ಲಿ ಮೊಗಲರ ಸೈನ್ಯಗಳು ದಖ್ಖನಿಗೆ ಇಳಿದಾಗ ಅವುಗಳಿಗೆ ಧಾನ್ಯ ಒದಗಿಸುತ್ತ ಬಂದವರು ಬಂಜಾರರು. ಶಹಜಹಾನನ ವಜೀರ ಆಸಫ್ ಖಾನನ ದಂಡಿನೊಡನೆ ಜಂಗಿ, ಭಂಗಿ ಎಂಬ ನಾಯಕರು 1,80,000 ಎತ್ತುಗಳನ್ನು ಹೊಡೆದುಕೊಂಡು ಬಂದರೆಂಬ ಐತಿಹ್ಯ ಸಮುದಾಯದಲ್ಲಿ ಈಗಲೂ ಬಾಯಿಂದ ಬಾಯಿಗೆ ಸಾಗುತ್ತಿದೆ. 1657ರಲ್ಲಿ ಔರಂಗಜೇಬ ಬೀದರ ಕೋಟೆ ಹಿಡಿದ. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿಯೂ 1803ರ ಮರಾಠಾ ಯುದ್ಧದಲ್ಲಿಯೂ ಇಂಗ್ಲಿಷರ ದಂಡು ಧಾನ್ಯಕ್ಕಾಗಿ ಇದೇ ಬಂಜಾರರನ್ನು ನೆಚ್ಚಿತ್ತು. ಯುದ್ಧವಿಲ್ಲದಾಗ ಕರಾವಳಿಯ ಉಪ್ಪು ಒಳನಾಡಿಗೆ, ಒಳನಾಡಿನ ಕಾಳು ಕರಾವಳಿಗೆ ಸಾಗುತ್ತಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಸಾವಿರ ಎತ್ತುಗಳ ಹೊರೆಯನ್ನು ಒಂದು ಗೂಡ್ಸ್ ಗಾಡಿ ಹೊರುವಾಗ ಎತ್ತಿಗೇನು ಕೆಲಸ? ನಡೆಯುತ್ತಿದ್ದ ತಾಂಡಾಗಳು ಅಲ್ಲಲ್ಲಿ ನಿಲ್ಲತೊಡಗಿದವು.

ಸಮುದಾಯದ ಚರಿತ್ರೆ ಹೀಗೆ ಪುಸ್ತಕದಲ್ಲಿದೆ. ಆದರೆ ‘ನಮ್ಮವರು’ ಬಂದದ್ದು, ಹುಡುಗಿಯ ಮುತ್ತಜ್ಜ ಈ ಮಣ್ಣಿನಲ್ಲಿ ನಿಂತದ್ದು ಯಾವಾಗ? ವಿಜ್ಞಾನದ ವಿದ್ಯಾರ್ಥಿನಿಯಾದ ಆಕೆ ನೋಟ್ ಬುಕ್ಕಿನ ಹಾಳೆಯನ್ನು ನಡುವೆ ಗೆರೆ ಎಳೆದು ಎರಡು ಮಾಡಿದಳು. ಎಡಕ್ಕೆ ‘ಕೇಳಿದ್ದು’, ಬಲಕ್ಕೆ ‘ಕಂಡದ್ದು’. ಎಡಭಾಗ ಒಂದೇ ಸಂಜೆಯಲ್ಲಿ ತುಂಬಿತು. ಬಲಭಾಗ ಖಾಲಿ ಉಳಿಯಿತು.

ತಂದೆಗೆ ಇದು ಹಿಡಿಸಲಿಲ್ಲ. “ಇದ್ದದ್ದು ಇರ್ಲಿ ಬೇಟಿ, ಹಳೆ ಕಾಗದ ಕೆದರಬ್ಯಾಡ. ಒಂದು ಹುಡುಕಾಕ ಹೋದ್ರ ಇನ್ನೊಂದು ಹೊರಗ ಬರ್ತದ” ಎಂದರು. ಅವರ ಹೆದರಿಕೆ ಅರ್ಥವಿಲ್ಲದ್ದಲ್ಲ. ತಾಂಡಾದ ಜನಕ್ಕೆ ಕಾಗದವೆಂದರೆ ಬಹುಕಾಲ ಬೇರೆಯವರ ಕೈಯಲ್ಲಿರುವ ವಸ್ತು. ಎಷ್ಟೋ ತಾಂಡಾಗಳು ತಲೆಮಾರುಗಳ ಕಾಲ ದಾಖಲೆಯಲ್ಲಿ ಊರೇ ಆಗಿರಲಿಲ್ಲ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಯವರು ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಮನೆಜಾಗದ ಹಕ್ಕುಪತ್ರ ನೀಡುವ ಕಾರ್ಯಕ್ರಮ ನಡೆಸಿದರು. ಹೊಸದಾಗಿ ಕಂದಾಯ ಗ್ರಾಮಗಳಾದ ತಾಂಡಾ, ಹಟ್ಟಿಗಳು ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳಲ್ಲಿದ್ದವು. ಸ್ವಾತಂತ್ರ್ಯ ಬಂದು 75 ವರ್ಷವಾದ ಮೇಲೆ ಮನೆಯ ಕಾಗದ ಕಂಡವರು, ಹಳೆಯ ದಫ್ತರಿನಲ್ಲಿ ತಮ್ಮ ಹೊಲವೇ ಬೇರೆಯವರದೆಂದು ಬರೆದಿದ್ದರೆ ಏನು ಗತಿ ಎಂದು ಅಂಜಿದರೆ ತಪ್ಪೇನು?

ಆದರೂ ಮಗಳ ಹಟಕ್ಕೆ ಸೋತು ಟ್ರಂಕಿನಿಂದ ಪಹಣಿ ತೆಗೆದುಕೊಟ್ಟರು. ನಾಲ್ಕು ಎಕರೆ ಹನ್ನೆರಡು ಗುಂಟೆ, ತಂದೆಯದೇ ಹೆಸರು. ಅದರಲ್ಲಿ ಮುಖ್ಯವಾದದ್ದು ಹೆಸರಲ್ಲ, ಸರ್ವೆ ನಂಬರು. ಮನುಷ್ಯರ ಹೆಸರು ಬದಲಾಗುತ್ತದೆ, ಅಡ್ಡಹೆಸರು ಬದಲಾಗುತ್ತದೆ, ಲಿಪಿ ಬದಲಾಗುತ್ತದೆ. ಹೊಲ ಮಾತ್ರ ಇದ್ದಲ್ಲಿಯೇ ಇರುತ್ತದೆ. ಆದ್ದರಿಂದ ಪೂರ್ವಜರನ್ನು ಹುಡುಕುವವರು ಹೆಸರಿನ ಬೆನ್ನು ಹತ್ತದೆ ಹೊಲದ ಬೆನ್ನು ಹತ್ತಬೇಕು. ಇಂದಿನಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬೇಕು.

ಮೊದಲ ಮೆಟ್ಟಿಲು ಸುಲಭವಾಗಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿದಾರರು ಫಾರಂ 7 ತುಂಬಿ ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಬೇಕಿತ್ತು. ಅಜ್ಜ ಹೆಬ್ಬೆಟ್ಟು ಒತ್ತಿದ ಅರ್ಜಿಯಿಂದಲೇ ಹೊಲ ಮನೆಗೆ ಬಂದಿತ್ತು. ಎರಡನೆಯ ಮೆಟ್ಟಿಲು 1954-55ರ ಖಾಸ್ರಾ ಪಹಣಿ. ಹಳೆಯ ಹೈದರಾಬಾದ್ ರಾಜ್ಯದ ಹಳ್ಳಿಗಳಿಗೆ ಇದು ಬಹು ದೊಡ್ಡ ಆಧಾರ. ಅದರಲ್ಲಿ ಪಟ್ಟೆದಾರನ ಹೆಸರು ಬೇರೆ, ಕಬ್ಜೆದಾರನ ಹೆಸರು ಬೇರೆ. ಹೊಲದ ಒಡೆಯ ಪಕ್ಕದ ಹಳ್ಳಿಯ ಒಬ್ಬ ಗೌಡ, ಉಳುವವನು ಅಜ್ಜ. 1950ರ ಹೈದರಾಬಾದ್ ಗೇಣಿ ಕಾಯಿದೆಯಂತೆ ಸಿದ್ಧವಾದ ರಕ್ಷಿತ ಗೇಣಿದಾರರ ಪಟ್ಟಿಯಲ್ಲಿಯೂ ಅಜ್ಜನಿದ್ದ. ತಂದೆಯ ಮುಖ ಆಗ ಸ್ವಲ್ಪ ಸಡಿಲವಾಯಿತು.

ಮೂರನೆಯ ಮೆಟ್ಟಿಲಲ್ಲಿ ಲಿಪಿಯೇ ಅಡ್ಡ ಬಂತು. ಹೈದರಾಬಾದ್ ಸಂಸ್ಥಾನದ ಆಡಳಿತ 1884ರ ಸುಮಾರಿಗೆ ಪಾರಸಿಯನ್ನು ಬಿಟ್ಟು ಉರ್ದುವನ್ನು ಹಿಡಿಯಿತು. ಹಳ್ಳಿಯ ಪಟವಾರಿ ಕನ್ನಡದಲ್ಲೋ ಮೋಡಿ ಲಿಪಿಯ ಮರಾಠಿಯಲ್ಲೋ ಲೆಕ್ಕ ಬರೆದರೂ ಮೇಲಿನ ಕಚೇರಿಗೆ ಹೋಗುವುದು ಉರ್ದುವಿನಲ್ಲಿ. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದ ಮಕ್ಕಳಿಗೆಲ್ಲ ಗೊತ್ತು. ಅದೇ ಭಾಲ್ಕಿಯಲ್ಲಿ ಈಗ ಉರ್ದು ದಫ್ತರು ಓದಬಲ್ಲವರನ್ನು ಹುಡುಕಬೇಕಾಗಿದೆ. ಕಾಲದ ಆಟ ಹೀಗಿರುತ್ತದೆ.

ಎಂಬತ್ತು ದಾಟಿದ ಒಬ್ಬ ನಿವೃತ್ತ ಉರ್ದು ಮಾಸ್ತರರು ನಕಲು ಪ್ರತಿಯನ್ನು ಭೂತಗನ್ನಡಿಯ ಕೆಳಗೆ ಹಿಡಿದರು. ಮೇಲೆ ಬರೆದ ವರ್ಷ 1337 ಫಸಲಿ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಆರಂಭವಾಗುತ್ತಿತ್ತು. ಅದಕ್ಕೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಇಸವಿ ಸಿಗುತ್ತದೆ. ಅಂದರೆ 1927-28. ಮಾಸ್ತರರು ಬಹಳ ಹೊತ್ತು ನೋಡಿ ತಲೆ ಎತ್ತಿದರು.

“ನಿಮ್ಮ ಮುತ್ತಜ್ಜನ ಹೆಸರು ಪಟ್ಟೆದಾರ ಖಾನೆದಾಗ ಇಲ್ಲ ಬೇಟಾ. ಷರಾದಾಗ ಅದಾ.”

“ಏನಂತ ಬರ್ದಾರ, ಚಾಚಾ?”

“ಹೆಸರು, ಮುಂದ ‘ಲಂಬಾಡಾ’. ಅಷ್ಟೇ. ತಂದಿ ಹೆಸರು ಬರ್ದಿಲ್ಲ.”

ಆ ಹೆಸರನ್ನೂ ಕೂಡಲೇ ನಂಬುವಂತಿರಲಿಲ್ಲ. ಉರ್ದುವಿನಲ್ಲಿ ಬ, ಪ, ತ ಈ ಮೂರಕ್ಕೂ ದೋಣಿಯಂಥ ಒಂದೇ ಗೆರೆ. ಕೆಳಗೆ ಒಂದು ಚುಕ್ಕಿ ಇಟ್ಟರೆ ಬ, ಮೂರು ಇಟ್ಟರೆ ಪ, ಮೇಲೆ ಎರಡು ಇಟ್ಟರೆ ತ. ಅವಸರದಲ್ಲಿ ಬರೆಯುವ ಗುಮಾಸ್ತನಿಗೆ ಚುಕ್ಕಿ ಇಡಲು ಪುರಸೊತ್ತೆಲ್ಲಿ? ಮನೆಯವರು ಹೇಳುವ ಹೆಸರೇ ಅದು ಎಂದುಕೊಂಡರೆ ನಮಗೆ ಬೇಕಾದದ್ದನ್ನೇ ನಾವು ಓದಿದಂತಾಗುತ್ತದೆ. ಪ್ರಯೋಗಶಾಲೆಯಲ್ಲಿ ಉತ್ತರ ಮೊದಲೇ ಬರೆದಿಟ್ಟುಕೊಂಡು ರೀಡಿಂಗ್ ತೆಗೆದ ಹಾಗೆ. ಮಾಸ್ತರರು ಬೇರೆ ದಾರಿ ತೋರಿಸಿದರು. ಅದೇ ಪುಟದಲ್ಲಿ, ಅದೇ ಕೈಬರಹದಲ್ಲಿ, ಸಂಶಯವಿಲ್ಲದ ಊರಹೆಸರುಗಳಲ್ಲಿ ಗುಮಾಸ್ತ ಆ ಅಕ್ಷರಗಳನ್ನು ಹೇಗೆ ಎಳೆದಿದ್ದಾನೆಂದು ನೋಡಿದರು. ಮನೆಯವರು ಹೇಳುವ ಹೆಸರು ಯಾವುದೆಂದು ಹುಡುಗಿ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಹೋಲಿಕೆಯಾದ ಮೇಲೆ ಮಾಸ್ತರರೇ ಓದಿ ಹೇಳಿದರು. ಎರಡೂ ಒಂದೇ ಆಗಿದ್ದವು.

ಇನ್ನೊಂದು ಸಾಕ್ಷಿ ಹೊಲದಲ್ಲಿಯೇ ಇತ್ತು. ಬೀದರಿನ ಭೂದಾಖಲೆ ಕಚೇರಿಯಿಂದ ತಂದ ಟಿಪ್ಪಣದ ನಕಲನ್ನು ಹಿಡಿದು ತಂದೆ ಮಗಳು ಹೊಲ ಸುತ್ತಿದರು. ಹಳೆಯ ಸರ್ವೆಯ ಸರಪಳಿ 33 ಅಡಿ, ಅದರ ಹದಿನಾರು ಭಾಗಕ್ಕೆ ಆಣೆ ಎಂದು ಹೆಸರು. 33 ಅಡಿ ಉದ್ದ, 33 ಅಡಿ ಅಗಲದ ತುಂಡು ಒಂದು ಗುಂಟೆ. ಅಂಥ 40 ಗುಂಟೆಗೆ ಎಕರೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಲೆಕ್ಕ ಕಾಲ ಕೆಳಗೆ ಬಂತು. ನಕ್ಷೆಯಲ್ಲಿ ಕಾಣಿಸಿದ ಹಳ್ಳ ಅಲ್ಲಿಯೇ ಹರಿಯುತ್ತಿತ್ತು. ಎರಡು ಗಡಿಕಲ್ಲುಗಳಲ್ಲಿ ಒಂದು ಬೇಲಿಯ ಬುಡದಲ್ಲಿ ಹೂತು ಸಿಕ್ಕಿತು.

ದಾಖಲೆಯಲ್ಲಿ ಮಣ್ಣಿನ ತರವನ್ನೂ ಆಣೆಯಲ್ಲಿ ಬರೆಯುತ್ತಿದ್ದರು. ಹದಿನಾರಾಣೆ ಎಂದರೆ ಉತ್ತಮ ಎರೆಭೂಮಿ. ಈ ಹೊಲಕ್ಕೆ ಕೊಟ್ಟದ್ದು ತೀರ ಕಡಿಮೆ. ಹುಡುಗಿಗೆ ಆಗ ಹೊಳೆದದ್ದು ದೊಡ್ಡ ಮಾತು. ಮಾಂಜ್ರಾ ನದಿಯ ಬದಿಯ ಆಳವಾದ ಕಪ್ಪು ಮಣ್ಣೆಲ್ಲ ಊರಿನ ಹಳೆಯ ಮನೆತನಗಳದು. ತಾಂಡಾದ ಹೊಲಗಳು ಏರಿನ ಮೇಲೆ, ಗರಸು ಮಣ್ಣಿನಲ್ಲಿ, ಒಂದು ಗೇಣು ಅಗೆದರೆ ಕಲ್ಲು ಸಿಗುವಲ್ಲಿ. ಕೊನೆಗೆ ಬಂದವರಿಗೆ ಕೊನೆಗೆ ಉಳಿದದ್ದು ಸಿಕ್ಕಿತ್ತು. ಯಾರು ಮೊದಲು ಬಂದರು, ಯಾರು ಆಮೇಲೆ ಬಂದರು ಎಂಬುದನ್ನು ಮಣ್ಣೂ ತಕ್ಕಮಟ್ಟಿಗೆ ಹೇಳುತ್ತದೆ, ಓದುವ ಕಣ್ಣಿರಬೇಕು. ಆ ಕಲ್ಲನ್ನು ಆರಿಸಿ ಬದುವಿಗೆ ಹಾಕಿ ಹೊಲ ಮಾಡಿದವರು ಯಾರೆಂಬುದನ್ನು ಮಾತ್ರ ಯಾವ ದಫ್ತರೂ ಬರೆಯಲಿಲ್ಲ.

1337 ಫಸಲಿಗಿಂತ ಹಿಂದೆ ಆ ಸರ್ವೆ ನಂಬರಿನಲ್ಲಿ ಮನೆಯವರ ಹೆಸರು ಸಿಗಲಿಲ್ಲ. ಬಾದಶಹನ ಫೌಜಿನ ಮಾತು ಎಡಭಾಗದಲ್ಲಿಯೇ ಉಳಿಯಿತು. ತಂದೆಗೆ ನಿರಾಶೆಯಾಯಿತು. ಲಕ್ಷ ಎತ್ತಿನ ನಾಯಕ ಹೋಗಿ, ಷರಾ ಕಾಲಮಿನಲ್ಲಿ ಅಪ್ಪನ ಹೆಸರಿಲ್ಲದ ಒಬ್ಬ ಗೇಣಿದಾರ ಸಿಕ್ಕಿದ್ದ. ಮಗಳು ಹೇಳಿದ್ದಿಷ್ಟೆ: “ಬಾಪು, ಕಾಗದ ಇಲ್ಲಂದ್ರ ಅವ್ರು ಬಂದಿಲ್ಲ ಅಂತಲ್ಲ. ನಡಕೋತ ಇದ್ದವರನ್ನ ಹೊಲದ ಲೆಕ್ಕದಾಗ ಯಾರು ಬರೀತಾರ? ನಿಂತ ದಿನ ಬರ್ದಾರ.”

ಈ ಮಾತಿನಲ್ಲಿ ಎಲ್ಲರೂ ತಿಳಿಯಬೇಕಾದ ಸತ್ಯವಿದೆ. ಭೂದಾಖಲೆ ಕಂದಾಯಕ್ಕಾಗಿ ಹುಟ್ಟಿದ್ದು, ವಂಶಾವಳಿಗಾಗಿ ಅಲ್ಲ. ಅದು ಮನುಷ್ಯನನ್ನು ಗುರುತಿಸುವುದು ಆತ ತೆರಿಗೆಗೋ ಗೇಣಿಗೋ ಸಿಕ್ಕಾಗ. ಅದರ ಮೌನವನ್ನು ‘ಇರಲಿಲ್ಲ’ ಎಂದು ಓದಬಾರದು. ಹಾಗೆಂದು ಮೌನದ ಜಾಗದಲ್ಲಿ ನಮಗೆ ಬೇಕಾದ ಕತೆಯನ್ನೂ ತುಂಬಬಾರದು.

ಗೆಳತಿಯ ಪ್ರಶ್ನೆಗೆ ಮಾತ್ರ ಗಟ್ಟಿಯಾದ ಉತ್ತರ ಸಿಕ್ಕಿತು. ಮುತ್ತಜ್ಜ ಆ ಹೊಲ ಉಳುವಾಗ ಕರ್ನಾಟಕವೂ ಇರಲಿಲ್ಲ, ಮಹಾರಾಷ್ಟ್ರವೂ ಇರಲಿಲ್ಲ, ತೆಲಂಗಾಣವೂ ಇರಲಿಲ್ಲ. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ಅಹಮದಪುರ, ನಿಲಂಗಾ ಮುಂಬೈ ರಾಜ್ಯಕ್ಕೆ. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗೆ. ಮುತ್ತಜ್ಜನ ತಂಗಿಯನ್ನು ಕೊಟ್ಟದ್ದು ಉದಗೀರದ ಕಡೆಯ ತಾಂಡಾಕ್ಕೆ. ಅಂದು ಅದು ಒಂದೇ ಜಿಲ್ಲೆಯ ಸಂಬಂಧ, ಇಂದು ಎರಡು ರಾಜ್ಯದ್ದು. ಒಂದೇ ಭಾಷೆ, ಒಂದೇ ಗೋತ್ರದ ಜನ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಅವರು ಗಡಿ ದಾಟಿ ಬಂದವರಲ್ಲ, ಗಡಿಯೇ ಅವರ ನಡುವೆ ಹಾದುಹೋಯಿತು. 2023ರಿಂದೀಚೆಗೆ ಮರಾಠವಾಡಾದಲ್ಲಿ ನಿಜಾಮರ ಕಾಲದ ದಫ್ತರುಗಳಲ್ಲಿ ‘ಕುಣಬಿ’ ಎಂಬ ಒಂದು ಪದಕ್ಕಾಗಿ ನಡೆದ ಹುಡುಕಾಟವನ್ನು ನೋಡಿದರೆ, ಹೆಸರಿನ ಮುಂದೆ ಗುಮಾಸ್ತ ಬರೆದ ಒಂದು ಶಬ್ದ ನೂರು ವರ್ಷದ ಮೇಲೆ ಎಷ್ಟು ತೂಕದ್ದಾಗಬಲ್ಲದೆಂದು ತಿಳಿಯುತ್ತದೆ.

ವಿದ್ಯಾರ್ಥಿಗಳು ರಜೆಯಲ್ಲಿ ಈ ಕೆಲಸ ಮಾಡಬಹುದು. ಮನೆಯ ಪಹಣಿಯಿಂದ ಆರಂಭಿಸಿ. ಅಜ್ಜ ಓದಿದ್ದರೆ ಶಾಲೆಯ ದಾಖಲಾತಿ ರಿಜಿಸ್ಟರ್ ನೋಡಿ. ತಹಸೀಲು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಖಾಸ್ರಾ ಪಹಣಿ, ಸೇತ್ವಾರ್, ಫೈಸಲ್ ಪಟ್ಟಿಗಳ ನಕಲು ಕೇಳಿ. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂಸುರಕ್ಷಾ ಯೋಜನೆ ಈಗ ಕರ್ನಾಟಕದಲ್ಲಿ ನಡೆದಿರುವುದರಿಂದ ಕೆಲಸ ಮೊದಲಿಗಿಂತ ಸುಲಭ. ಉರ್ದು ಓದಬಲ್ಲ ಹಿರಿಯರನ್ನು ಮಾತ್ರ ಯಾವ ಯಂತ್ರವೂ ಸ್ಕ್ಯಾನ್ ಮಾಡಿಡಲಾರದು. ಅವರ ಬಳಿ ಬೇಗ ಹೋಗಿ. ತಂದೆತಾಯಿಗಳು ಮಕ್ಕಳನ್ನು ತಡೆಯಬೇಕಾಗಿಲ್ಲ. ಸಿಕ್ಕ ಅಜ್ಜ ಚಿಕ್ಕವನಾದರೂ ನಿಜವಾದವನು.

ಹುಡುಗಿಯ ನೋಟ್ ಬುಕ್ಕಿನ ಬಲಭಾಗದಲ್ಲಿ ಈಗ ಹನ್ನೊಂದು ಸಾಲುಗಳಿವೆ, ಪ್ರತಿ ಸಾಲಿನ ಮುಂದೆ ದಾಖಲೆಯ ಹೆಸರು, ವರ್ಷ, ಪುಟ. ಒಂದು ಸಂಗತಿ ಆಕೆಗೆ ಕೊನೆಯಲ್ಲಿ ಕಾಣಿಸಿತು. ಆ ಹನ್ನೊಂದು ಸಾಲಿನಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಏರಿನ ಕಲ್ಲು ಆರಿಸಿದ ಮುತ್ತಜ್ಜಿ ಪಟ್ಟೆಯಲ್ಲಿಲ್ಲ, ಕಬ್ಜೆಯಲ್ಲಿಲ್ಲ, ಷರಾದಲ್ಲಿಯೂ ಇಲ್ಲ. ಆಕೆಯ ಹೆಸರು ಬಲ್ಲವರು ತಾಂಡಾದಲ್ಲಿ ಒಬ್ಬರೇ ಉಳಿದಿದ್ದಾರೆ, ಅವರಿಗೆ ತೊಂಬತ್ತರ ಹತ್ತಿರ. ಎಡಭಾಗದ ಖಾಲಿ ಸಾಲುಗಳನ್ನು ಹುಡುಗಿ ಈಗ ಅವರಿಗಾಗಿ ಬಿಟ್ಟಿದ್ದಾಳೆ.