ಉಮ್ರಾ ಮತ್ತು ಸಾಮಾನಿನ ಪಟ್ಟಿ

ನಮ್ಮಲ್ಲಿ ವರ್ಷ ವರ್ಷವೂ ಉಮ್ರಾಕ್ಕೆ ಹೋಗಿಬರುವವರಿದ್ದಾರೆ. ಹೊರಡುವ ಮುನ್ನವೇ ನಾವು ಉದ್ದದ ಪಟ್ಟಿಯೊಂದನ್ನು ಮಾಡಿಕೊಳ್ಳುತ್ತೇವೆ: ಸೊಸೆಗೆ ಅಬಾಯ, ಷಡ್ಡಕನಿಗೆ ಅತ್ತರು, ಓಣಿಗೆಲ್ಲ ತಸ್ಬೀಹ್.

ಹೋಗಿಬಂದ ಅನುಭವದಿಂದ ಒಂದೆರಡು ಮಾತು. ಖರ್ಜೂರವನ್ನು ಮದೀನಾದಲ್ಲೇ ಕೊಳ್ಳಿ. ಅಜ್ವಾ ಅಲ್ಲಿಯ ಬೆಳೆ. ರುಚಿ ನೋಡಿ, ಚೌಕಾಸಿ ಮಾಡಿ, ಎದುರಿಗೇ ತೂಗಿಸಿಕೊಳ್ಳಿ. ಝಮ್‌ಝಮ್ ನೀರನ್ನು ಸೂಟ್‌ಕೇಸಿನ ಬಟ್ಟೆಗಳ ನಡುವೆ ಇಡಲು ಬಿಡುವುದಿಲ್ಲ. ಜಿದ್ದಾ ವಿಮಾನ ನಿಲ್ದಾಣದಲ್ಲಿ 5 ಲೀಟರಿನ ಮೊಹರಾದ ಡಬ್ಬ ಸಿಗುತ್ತದೆ. ಬಂಗಾರದ ಆಸೆ ಬೇಡ. ಸುಂಕವಿಲ್ಲದೆ ಒಡವೆ ತರುವ ರಿಯಾಯಿತಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹೊರದೇಶದಲ್ಲಿದ್ದವರಿಗೆ ಮಾತ್ರ: ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ. ಹದಿನೈದು ದಿನದ ಯಾತ್ರಿಕರಿಗೆ ಅದಿಲ್ಲ.

ಜಾನಮಾಝ್, ತಸ್ಬೀಹ್‌ಗಳನ್ನು ಮಗುಚಿ ನೋಡಿದರೆ ಎಷ್ಟೋ ಸಲ ಚೀನಾದ ಹೆಸರಿರುತ್ತದೆ. ಅಂಥವು ಬೆಂಗಳೂರಿನ ಶಿವಾಜಿನಗರದಲ್ಲೂ ಸಿಗುತ್ತವೆ. ಅವುಗಳಿಗಾಗಿ ಹರಮ್‌ನ ಒಂದು ನಮಾಝನ್ನು ಕಳೆದುಕೊಳ್ಳಬೇಕೆ?

ಒಮ್ಮೆಯೂ ಅಲ್ಲಿಗೆ ಹೋಗಲಾಗದ ದರ್ಜಿಗಳು, ಬೀಡಿ ಕಟ್ಟುವ ಹೆಂಗಸರು ನಮ್ಮ ಓಣಿಯಲ್ಲೇ ಇದ್ದಾರೆ. ನಾವು ಹೊರಟೆವೆಂದು ತಿಳಿದಾಗ ಅವರು ಕೇಳುವುದು ಒಂದು ಗುಟುಕು ಝಮ್‌ಝಮ್, ತಮ್ಮ ಹೆಸರು ಹೇಳಿ ಒಂದು ದುಆ, ಅಷ್ಟೆ. ಮುಂದಿನ ಸಲದ ಪಟ್ಟಿಯನ್ನು ಅವರ ಹೆಸರುಗಳಿಂದಲೇ ಆರಂಭಿಸೋಣ.